ಲ್ಯಾಪ್‌ಟಾಪಿನ ರೊಪ್ಪದಲ್ಲಿ ಹಿಡಿಸದ ಕುರಿಗಳು

ಶ್ರೀರಾಂಪುರ
ಶನಿವಾರ, ೮ ನವೆಂಬರ್ ೨೦೨೫

ಮುದ್ದಿನ ಸ್ವಾತೀ,

ಹೇಗಿದ್ದೀಯವ್ವ? ಕೆಮ್ಮು ಬಿಟ್ಟಿತಾ? ದುರ್ಗದ ಹಾಸ್ಟೆಲಿನಲ್ಲಿ ಬಿಸಿನೀರು ಕೊಡ್ತಾರೋ ಇಲ್ಲವೋ, ನಿಮ್ಮಮ್ಮ ಕಳಿಸಿದ ಚಟ್ನಿಪುಡಿ ನಿನ್ನ ಬಾಯಿಗೆ ಬಿತ್ತೋ ಗೆಳತಿಯರ ಪಾಲಾಯಿತೋ, ಒಂದೂ ಹೇಳೋದಿಲ್ಲ ನೀನು. ಫೋನ್ ಮಾಡಿದರೆ "ತಾತ, ಬೇಗ ಹೇಳು, ಕ್ಲಾಸೈತೆ" ಅಂತೀಯ. ಬೇಗ ಹೇಳೋ ಸಂಗತಿಯಲ್ಲ ಇದು. ಅದಕ್ಕೇ ಕಾಗದ. ನನ್ನ ಮಂಡಿ ನೋವು ಹಾಗೇ ಐತೆ, ಅದರ ಜೊತೆಗೆ ನೀನು ಈಗ ಕಣ್ಣು ನೋವನ್ನೂ ಅಂಟಿಸಿದ್ದೀಯ.

ದಸರಾ ರಜೆಗೆ ಬಂದವಳು ನಿನ್ನ ಹಳೇ ಲ್ಯಾಪ್‌ಟಾಪನ್ನು ನನ್ನ ಮಡಿಲಿಗೆ ಹಾಕಿ, "ತಾತ, ಹಳೇ ಕಾಲದ ವಿಡಿಯೋ ಗೇಮ್ ಥರ ಒಂದು ಕುರಿ ಕಾಯೋ ಆಟ ಮಾಡ್ತಿದೀನಿ. ಕುರಿ ಹೆಂಗೆ ನಡೀತವೆ ಅಂತ ನಿನಗೇ ಗೊತ್ತು, ನೀನೇ ಬರಿ" ಅಂದು ಬಸ್ ಹತ್ತಿದೆ. ಬರೆಯೋ ಜಾಗವೂ ಆಟದ ಒಳಗೇ ಐತೆ, ಎಸ್ಕೇಪ್ ಒತ್ತಿದರೆ ಹೊಲ ಹೋಗಿ ಕೋಡ್ ಬರುತ್ತೆ, ಬಹಳ ಈಸಿ ಅಂದೆ. ಏನು ಈಸಿ? ಇರುವೆ ಸಾಲಿನಂಥ ಅಕ್ಷರ, ಅದರಲ್ಲಿ ಕನ್ನಡ ಒಂದೂ ಇಲ್ಲ. ನಾನೂ ದುರ್ಗದಲ್ಲಿ ಬಿ.ಎ. ಎರಡನೇ ವರ್ಷದವರೆಗೆ ಮಣ್ಣು ಹೊತ್ತವನು. "ಐ ಬೆಗ್ ಟು ಸ್ಟೇಟ್ ದಟ್" ಅಂತ ಶುರು ಮಾಡಿದರೆ ಎಂಥ ಆಫೀಸರನಾದರೂ ಓದುತ್ತಿದ್ದ. ಇದು ಓದೋದಿಲ್ಲ. ಒಂದು ಚುಕ್ಕೆ ತಪ್ಪಿದರೆ ಮುಖ ಸಿಂಡರಿಸಿಕೊಂಡು ನಿಂತುಬಿಡುತ್ತೆ. ಅದೂ ಹೋಗಲಿ, ದಿನಾ ಬೆಳಗಾದರೆ "ಎಂಡ್ ಎಕ್ಸ್‌ಪೆಕ್ಟೆಡ್" ಅಂತ ಕೆಂಪಗೆ ಬರೆಯುತ್ತಲ್ಲ, ಎಪ್ಪತ್ತೊಂದು ವರ್ಷದವನಿಗೆ ಹೇಳೋ ಮಾತೇನೇ ಅದು?

ಇರಲಿ, ಕಲಿತೆ. ಆದರೆ ನೀನು ಬರೆದಿಟ್ಟಿದ್ದ ಕುರಿಗಳನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಒಂದೇ ಕುರಿಗೆ ಬರೆದು ಉಳಿದವಕ್ಕೆಲ್ಲ ಅದನ್ನೇ ಕಾಪಿ ಹೊಡೆದಿದ್ದೀಯ. ಶಾಲೆ ಡ್ರಿಲ್ಲಿನ ಹಾಗೆ ಎಲ್ಲವೂ ಒಟ್ಟಿಗೆ ಕತ್ತು ತಿರುಗಿಸ್ತವೆ, ಒಟ್ಟಿಗೆ ಮೇಯ್ತವೆ! ಹೆಸರು ಬೇರೆ ಶೀಪ್ ಒನ್, ಶೀಪ್ ಟೂ. ನಂಬರ್ ಹಾಕೋದು ಇನ್ಶೂರೆನ್ಸಿನವರು, ಕಿವಿಗೆ ಓಲೆ ಚುಚ್ಚೋವಾಗ. ನಾವು ಸಂಜೆ ರೊಪ್ಪದ ಬಾಗಿಲಲ್ಲಿ ಕುರಿಯ ಮುಖ ನೋಡಿ ಯಾವುದು ಬಂದಿಲ್ಲ ಅಂತ ಹೇಳೋ ಜನ. ಕರಿಯಣ್ಣ ಬೀಡಿ ಸೇದೋಕೆ ಬಂದವನು ಪರದೆ ನೋಡಿ, "ಇದೇನ್ಲಾ ಓಬಳೇಶ, ಕುರಿನೋ ಅರಳೆ ಉಂಡೆನೋ? ಒಂದಕ್ಕೂ ಮುಖವೇ ಇಲ್ವಲ್ಲೋ" ಅಂತ ನಗಾಡಿದ. ನನಗೆ ಅವಮಾನವಾಯಿತು.

ಅದಕ್ಕೆ ಒಂದೊಂದಕ್ಕೂ ಬೇರೆ ಬೇರೆ ಬರೆದೆ. ಚುಕ್ಕಿಗೆ ಜಾಲಿಕಾಯಿ ಕಂಡರೆ ಕಾಲು ಮುಂದಕ್ಕೆ ಹೋಗೋದಿಲ್ಲ. ಕೆಂಚಿಗೆ ಬಲಗಣ್ಣು ಮಂಜು, ಯಾವಾಗಲೂ ಎಡಕ್ಕೇ ತಿರುಗುತ್ತೆ. ಕುಂಟಿ ಹಿಂದೆ ಬೀಳ್ತದೆ, ಅದರ ಮರಿ ಅದಕ್ಕಾಗಿ ನಿಲ್ಲುತ್ತೆ. ನಿಮ್ಮಮ್ಮ ಅಡಿಗೆಮನೆಯಿಂದ, "ಮಾವಾರೇ, ಉಣ್ಣಾಕೆ ಬರ್ರಿ, ಆ ಕುರಿ ಎಲ್ಲೂ ತಪ್ಪಿಸ್ಕಳಲ್ಲ" ಅಂತ ಕೂಗಿ ಕೂಗಿ ಸಾಕಾದಳು. ಅರ್ಧ ಹಿಂಡು ಮುಗಿಯೋ ಹೊತ್ತಿಗೆ, ಕೋಡಿಗೆ ಎಷ್ಟು ಜಾಗ ಉಳಿದೈತೆ ಅಂತ ಪರದೆಯ ಮೂಲೆಯಲ್ಲಿ ತೋರಿಸೋ ಲೆಕ್ಕ ಕೆಂಪಾಯಿತು. ಹಳೇ ಕಾಲದ ಗೇಮಿನ ಹಾಗೆ ಇದರಲ್ಲೂ ಇಷ್ಟೇ ಬರೀಬೇಕು ಅಂತ ಮಿತಿಯಂತೆ, ಜಾಗ ಮುಗಿಯಿತಂತೆ, ಆಟ ಓಡೋದಿಲ್ಲವಂತೆ. ನಾಲ್ಕು ಅಂಗುಲದ ಹೊಲ ಕೊಟ್ಟು ಹಿಂಡು ಮೇಯಿಸು ಅಂದರೆ ಹೇಗೇ?

ನಿನಗೆ ಫೋನ್ ಮಾಡಿದೆ. "ತಾತ, ದಮ್ಮಯ್ಯ, ಎಲ್ಲಾ ಅಳಿಸಿ ಒಂದೇ ಕುರಿ ಇಡು. ಸೋಮವಾರ ಮೇಡಂಗೆ ಕೊಡ್ದಿದ್ರೆ ನನ್ನ ಪ್ರಾಜೆಕ್ಟ್ ಹೋಯ್ತು, ಆಮೇಲೆ ನಾನು ಮುಂದಿನ ವರ್ಷ ಮತ್ತೆ ಬರೀಬೇಕು" ಅಂತ ಅತ್ತುಬಿಟ್ಟೆ. ಆವತ್ತಿಂದ ಅನ್ನ ಸೇರಿಲ್ಲ ನನಗೆ. ಅಳಿಸೋಕೆ ಕುಂತೆ. ಮೊದಲು ಕುಂಟಿ ಅಂದುಕೊಂಡೆ, ಆಗಲಿಲ್ಲ. ಕೆಂಚಿ ಅಂದುಕೊಂಡೆ, ಆಗಲಿಲ್ಲ. ಇವೆಲ್ಲ ನಿಮ್ಮಜ್ಜಿ ಸಾಕಿದ ಕುರಿಗಳು. ಅವಳು ತೀರಿಕೊಂಡ ವರ್ಷ ಅವನ್ನು ಮಾರಿದೆವು, ಈಗ ಇರೋದು ಇಲ್ಲಿ ಮಾತ್ರ. ಆಟದಲ್ಲಿ ಕೋಲು ಹಿಡಿದು ಅವನ್ನು ಕಾಯೋಳೂ ಅವಳೇ ಅಲ್ಲವೇನೇ? ಹಸಿರು ಸೀರೆ ಉಡಿಸಿ ನಿಂಗಕ್ಕ ಅಂತ ಅವಳ ಹೆಸರನ್ನೇ ಇಟ್ಟವಳು ನೀನೇ.

ಹೆದರಬೇಡ. ಇವತ್ತು ಎಲ್ಲಾ ಹಿಡಿಸಿ, ಆಟ ಓಡಿಸಿ ನೋಡಿದ್ದೇನೆ. ಒಂದು ಕುರಿಯನ್ನೂ ಅಳಿಸಿಲ್ಲ. ಪೆನ್‌ಡ್ರೈವನ್ನು ಈ ಕಾಗದದಲ್ಲಿ ಸುತ್ತಿ ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಜಂಪಣ್ಣನ ಕೈಗೆ ಕೊಡುತ್ತೇನೆ. ಸ್ಟ್ಯಾಂಡಿಗೆ ಬಂದು ಇಸ್ಕೋ. ನಿಮ್ಮಪ್ಪ ಪರಮೇಶಿ ಕೇಳಿದೆ ಅಂದ, ಅಮ್ಮ ತಲೆಗೆ ಎಣ್ಣೆ ಹಚ್ಚಿಕೋ ಅಂದಳು. ನಿನಗೆ ಒಳ್ಳೇದಾಗಲಿ, ಪಾಸಾಗಿ ಬಾ ಮಗಳೇ.

ಇತಿ ನಿನ್ನ ತಾತ,
ಓಬಳೇಶಪ್ಪ

ಮರೆತಿದ್ದೆ: ಅಷ್ಟೂ ಕುರಿಗಳನ್ನು ಹೇಗೆ ಹಿಡಿಸಿದೆ ಅಂತ ಹೇಳಲಿಲ್ಲ. ತೋಳ ಮುಟ್ಟಿದರೆ ಅಜ್ಜಿ ಬಿದ್ದು, ಮಿಣುಕಿ ಮಿಣುಕಿ ಮಾಯವಾಗಿ, ಆ ಪೀಪಿ ರಾಗ ನುಡಿದು ಗೇಮ್ ಓವರ್ ಬರೋ ಭಾಗವನ್ನು ನೀನು ಬಹಳ ಉದ್ದ ಬರೆದಿದ್ದೆ. ಒಂದೊಂದು ಕುರಿ ತಿದ್ದಿ ಓಡಿಸಿದಾಗಲೂ ಅವಳು ನನ್ನ ಕಣ್ಣೆದುರೇ ಬೀಳುತ್ತಿದ್ದಳು. ಅದಷ್ಟನ್ನೂ ತೆಗೆದೆ, ಆ ಜಾಗದಲ್ಲಿ ಉಳಿದ ಕುರಿಗಳು ಹಿಡಿದವು. ಈಗ ತೋಳ ಬಂದರೆ ಕುರಿ ಹೋಗುತ್ತೆ, ಅವಳು ಉಳಿದವನ್ನು ಹೊಡೆದುಕೊಂಡು ಮನೆಗೆ ಬರ್ತಾಳೆ. ಮೇಡಂ ಮಾರ್ಕ್ಸ್ ಕಳೆದರೆ ಕಳೆಯಲಿ. ನೀನು ಅದನ್ನ ಮತ್ತೆ ಬರೀಬೇಡ.