ಕೊನೆಯ ಕುರ್ಚಿಯ ನಗು

ಬ್ಯಾಡಗಿ
೧೬-೨-೨೦೦೬

ನನ್ನ ಕೂಸು ಸುರೇಖಾಗೆ,

ಅವ್ವನ ಆಶೀರ್ವಾದಗಳು. ಆರೋಗ್ಯ ಹೇಗಿದೆ? ಬೆಂಗಳೂರಿನ ನೀರಿಗೆ ಕೂದಲು ಉದುರುವುದು ನಿಂತಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ, ಟಿವಿಯಲ್ಲಿ ನಿನ್ನ ಕೊರಳು ಸಣ್ಣಗಾಗಿ ಕಾಣುತ್ತದೆ. ನಾನು ಚೆನ್ನಾಗಿದ್ದೇನೆ. ಸುಗ್ಗಿ ಜೋರಾಗಿದೆ, ದಿನವೂ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತೇನೆ. ಕೆಮ್ಮು ಮಾತ್ರ ಬಿಟ್ಟಿಲ್ಲ.

ಭಾನುವಾರ ನಿನ್ನ ನಗೆಮಾತಿನ ಕಾರ್ಯಕ್ರಮವನ್ನು ಅಂಗಡಿ ಮಲ್ಲೇಶಪ್ಪನವರ ಮನೆಯಲ್ಲಿ ನಾವು ಏಳು ಜನ ಹೆಂಗಸರು ಕುಳಿತು ನೋಡಿದೆವು. ನನಗೇನೋ ಅನುಮಾನ. ಐದು ಜನ ಗಂಡಸರ ಜೊತೆ ನೀನೊಬ್ಬಳೇ ಏಕೆ? ಅದೂ ಕೊನೆಯ ಕುರ್ಚಿಯಲ್ಲಿ. ಅವರು ಮಾತಾಡುವಾಗ ಅವರ ಮುಖ ತೋರಿಸುತ್ತಾರೆ, ನಿನ್ನ ಮುಖ ಮಾತ್ರ ನೀನು ನಗುವಾಗ. ನಾನು ಎಣಿಸಿದೆ. ನೀನು ಹನ್ನೊಂದು ಸಲ ನಕ್ಕೆ, ಎರಡು ಸಲ ಮಾತಿಗೆ ಹೊರಟೆ, ಎರಡೂ ಸಲ ಯಾರೋ ನಡುವೆ ಬಾಯಿ ಹಾಕಿದರು. ಆ ನಗುವೂ ನಿನ್ನದಲ್ಲ. ನೀನು ನಿಜವಾಗಿ ನಕ್ಕರೆ ಮೊದಲು ಮೂಗು ಅರಳುತ್ತದೆ, ಹೆತ್ತವಳಿಗೆ ಗೊತ್ತಾಗುವುದಿಲ್ಲವೇ?

ಅದಿರಲಿ. ಆ ಐವರಲ್ಲಿ ಬಿಳಿ ಜುಬ್ಬಾದ ಮನುಷ್ಯನಿಗೆ ನಮ್ಮ ಸೈದಾಬಿಯ ಚೀಲದ ಸಂಗತಿ ಹೇಳಿದವರು ಯಾರು? ರಾಣೆಬೆನ್ನೂರು ಬಸ್ಸಿನಲ್ಲಿ ಕಂಡಕ್ಟರ್ ಮೆಣಸಿನಕಾಯಿ ಚೀಲಕ್ಕೂ ಟಿಕೆಟ್ ಹರಿದನೆಂದು ಅವಳು ಚೀಲವನ್ನೇ ಸೀಟಿನಲ್ಲಿ ಕೂರಿಸಿ, ಜಾಗ ಕೇಳಿದವನಿಗೆ "ಟಿಕೀಟ್ ತಗೊಂಡಾನ, ಕುಂತಾನ. ನೀವು ನಿಂದರ್ರಿ" ಅಂದದ್ದು ನನ್ನ ಜೊತೆ ತೊಟ್ಟು ಬಿಡಿಸುವವರನ್ನು ಬಿಟ್ಟರೆ ನಿನಗೆ ಮಾತ್ರ ಗೊತ್ತು. ಈ ವಾರ ನಾನೇ ಹೇಳುತ್ತೇನೆ ಎಂದು ನೀನು ಅಂದಿದ್ದೆ. ಹೇಳಿದವನು ಅವನು, ಅದೂ ತನ್ನ ಹೆಂಡತಿಯ ದಡ್ಡತನವೆಂದು! ನಮ್ಮ ಜೊತೆ ನೋಡುತ್ತಿದ್ದ ಸೈದಾಬಿ ಎದ್ದು ಹೊರಟೇಬಿಟ್ಟಳು. "ನನ್ನ ಶ್ಯಾಣೇತನಾನ ಅಂವ ಹುಚ್ಚುತನ ಮಾಡ್ಯಾನ ನೋಡವ್ವಾ" ಅಂದಳು. ನೀನೇ ಕೊಟ್ಟೆಯೋ, ರಿಹರ್ಸಲ್‌ನಲ್ಲಿ ಕೇಳಿಸಿಕೊಂಡು ಅವನೇ ಎತ್ತಿಕೊಂಡನೋ? ನನ್ನ ಹತ್ತಿರ ಮುಚ್ಚಿಡಬೇಡ.

"ಮಾತು ಕಡಿಮಿ ಅಂತ, ಮುಂದಿನ ಶೂಟಿಂಗ್ ಆದಮ್ಯಾಲೆ ನನ್ನ ಬಿಡಸ್ತಾರಂತವ್ವಾ" ಎಂದು ನೀನು ಫೋನಿನಲ್ಲಿ ಅತ್ತದ್ದು ಎದೆಯಲ್ಲೇ ಕುಳಿತಿದೆ. ಮಾತೆಲ್ಲ ಕಸಿದುಕೊಂಡು ಮಾತು ಕಡಿಮೆ ಎನ್ನುವವರನ್ನು ಹೇಗೆ ನಂಬಲಿ? ನೀನು ಬಾಯಿ ತೆರೆದರೆ ಇಲ್ಲಿ ನಲವತ್ತು ಹೆಂಗಸರ ಕೈ ನಿಂತುಹೋಗುತ್ತಿತ್ತು, ಸಾಹುಕಾರರು ಬೈಯುತ್ತಿದ್ದರು. ಅಂಥವಳು ಸುಮ್ಮನೆ ಕುಳಿತದ್ದನ್ನು ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಇಲ್ಲಿ ಎಲ್ಲರೂ ನಿನ್ನನ್ನು ಕೇಳುತ್ತಾರೆ. ದೇವರಗುಡ್ಡದ ಮೈಲಾರಲಿಂಗ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಚೌಡವ್ವ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಆ ಜುಬ್ಬಾದವನೇ ಮಲ್ಲೇಶಪ್ಪನವರ ಅಂಗಡಿಗೆ ಫೋನ್ ಮಾಡಿ ನನ್ನನ್ನು ಕರೆಸಿದ. "ಅಮ್ಮಾ, ನಿಮ್ಮ ಕಡೆಯದು ಇನ್ನೊಂದು ಕಥೆ ಹೇಳಿ, ಮಗಳಿಗೆ ತಿಳಿಸಬೇಡಿ" ಎಂದ. ಹೇಳಿದೆ. "ಕುಂತು ಮಾಡೋ ಕೆಲಸ, ಅದೇನ ದೊಡ್ಡದು" ಎಂದು ಹೆಂಡತಿಯನ್ನು ಹಂಗಿಸಿದ ಗಂಡ, ಒಂದು ದಿನ ತಾನೇ ತೊಟ್ಟು ಬಿಡಿಸಲು ಕುಳಿತು, ಅದೇ ಕೈಯಿಂದ ಕಣ್ಣೊರೆಸಿಕೊಂಡು, ಅಳುತ್ತಾ ನಳದ ಕಡೆ ಓಡಿದ ಕಥೆ. ಅಷ್ಟಕ್ಕೇ ಮುಗಿಯಿತು ಎಂದೆ, ಹೆಂಡತಿಯ ಕೊನೆಯ ಮಾತನ್ನು ಅವನಿಗೆ ಹೇಳದೆ ನಿನಗೆಂದು ಇಟ್ಟಿದ್ದೇನೆ. ಬುಧವಾರ ಶೂಟಿಂಗ್‌ನಲ್ಲಿ ಅವನು ಹೇಳಿ ಮುಗಿಸಲಿ, ಜನ ನಗಲಿ. ನಗು ತಗ್ಗುತ್ತಲೇ ನೀನು ಆ ಹೆಂಡತಿಯಾಗಿ ಅವನ ಕಡೆ ತಿರುಗಿ ಹೇಳು: "ಯಾಕ್ರೀ, ಎದ್ದು ಓಡಾಕತ್ತೀರಿ? ಕುಂತು ಮಾಡೋ ಕೆಲಸ ಅಲ್ಲೇನ್ರಿ ಇದು?"