ಎಡಗೈಯ ತಾಂಬೂಲ

ದೊಡ್ಡಬೆಳವಂಗಲ
೨೦–೩–೧೯೭೨

ಚಿರಂಜೀವಿ ಚಿಕ್ಕಬೀರಪ್ಪನಿಗೆ, ನಿನಗೆ ಅಕ್ಷರ ಕಲಿಸಿದ ಅಲಮೇಲಮ್ಮ ಮನಸಾರೆ ಹರಸಿ ಬರೆಯುವುದು.

ಪುಣೆಯ ಸೈನಿಕ ಆಸ್ಪತ್ರೆಯಿಂದ ನೀನು ಬರೆದ ಪತ್ರ ತಲುಪಿತು. ಅಕ್ಷರದ ಗುರುತು ಸಿಗದೆ, ಬೇರೆ ಯಾರೋ ಬರೆದುಕೊಟ್ಟಿರಬೇಕೆಂದು ಭಾವಿಸಿದೆ. ಮೂರನೆಯ ಸಾಲಿಗೆ ಬಂದಾಗ ಕಾರಣ ತಿಳಿಯಿತು. ಬಲಗೈ ಗುಂಡೇಟಿಗೆ ಛಿದ್ರವಾದ ಮೇಲೂ ನೀನು ಎಡಗೈಯಿಂದ ಕೈಬಾಂಬು ಎಸೆದು ಶತ್ರುಗಳ ಮೆಷಿನ್ ಗನ್ನಿನ ಬಾಯಿ ಮುಚ್ಚಿಸಿದೆ. ಹನ್ನೊಂದು ಮಂದಿ ಸಂಗಡಿಗರನ್ನು ಉಳಿಸಿದೆ. ಸರ್ಕಾರ ವೀರಚಕ್ರ ಘೋಷಿಸಿತು. ವೈದ್ಯರು ಬಲಗೈಯನ್ನು ಮೊಣಕೈವರೆಗೆ ತೆಗೆದರು. ಇಷ್ಟನ್ನೂ ನಾಲ್ಕು ಸಾಲಿನಲ್ಲಿ ಮುಗಿಸಿ, ಊರಿನ ಸನ್ಮಾನಕ್ಕೆ ಏಕೆ ಬರಲಾರೆನೆಂಬುದನ್ನು ಒಂದು ಪುಟ ಬರೆದಿರುವೆ.

ಹಿರಿಯರು ಕೊಡುವ ತಾಂಬೂಲಕ್ಕೆ ಎಡಗೈ ಚಾಚುವುದು ಹೇಗೆ, ಪಂಕ್ತಿಯಲ್ಲಿ ಕುಳಿತು ಎಡಗೈಯಲ್ಲಿ ಉಣ್ಣುವುದು ಹೇಗೆ ಎಂದು ಕೇಳಿರುವೆ. ತಾಯಿಗೆ ಕೈಯ ವಿಷಯ ತಿಳಿಸಬೇಡಿ, ರಜೆ ಸಿಕ್ಕಲಿಲ್ಲವೆಂದು ಹೇಳಿಬಿಡಿ ಎಂದೂ ಬೇಡಿರುವೆ.

ಅಪ್ಪಾ, ಆ ನಾಚಿಕೆಯನ್ನು ನಿನಗೆ ಕಲಿಸಿದವಳು ನಾನು. ಒಂದನೆಯ ತರಗತಿಯಲ್ಲಿ ನೀನು ಬಳಪವನ್ನು ಎಡಗೈಯಲ್ಲಿ ಹಿಡಿದಾಗಲೆಲ್ಲ ರೂಲುದೊಣ್ಣೆಯಿಂದ ಗೆಣ್ಣಿನ ಮೇಲೆ ಹೊಡೆದೆ. ನೀನು ಬಲಗೈಯಲ್ಲಿ ದುಂಡಗೆ ಬರೆದ ದಿನ, ಗೆದ್ದೆನೆಂದು ಬೀಗಿದೆ. ನಾನು ಹೊಡೆದ ಕೈಯೇ ಹನ್ನೊಂದು ಮನೆಗಳ ದೀಪ ಕಾಯಿತು.

ನಿನ್ನ ತಾಯಿ ದ್ಯಾವಮ್ಮನಿಗೆ ಪತ್ರ ಓದಿ ಹೇಳುವಾಗ ಆ ಸಾಲುಗಳನ್ನು ನುಂಗಿಕೊಂಡೆ. ಆದರೆ ಮರುದಿನವೇ ಅವಳು ಸನ್ಮಾನದ ಊಟಕ್ಕೆಂದು ರಾಗಿ ಕೇರುತ್ತ ಕುಳಿತಿದ್ದುದನ್ನು ಕಂಡು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ; ನಿನ್ನ ಮಾತು ಮೀರಿದ್ದಕ್ಕೆ ಕ್ಷಮಿಸು. ಮೊರ ಕೆಳಗಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಅವಳು ಅಂದದ್ದನ್ನು, ನನ್ನ ಸ್ವಭಾವಕ್ಕೆ ವಿರುದ್ಧವಾಗಿ, ತಿದ್ದದೆ ಬರೆಯುತ್ತಿದ್ದೇನೆ: “ಎಡಗೈ ಐತಲ್ವಾ ಮೇಷ್ಟ್ರಮ್ಮ? ನೀವು ಅಷ್ಟು ಬಡಿದ್ರೂ ಮನೇಲಿ ಕದ್ದು ಅದ್ರಲ್ಲೇ ಮುದ್ದೆ ಮುರೀತಿದ್ದ. ನಾನೇ ಬಾಗ್ಲು ಹಾಕ್ತಿದ್ದೆ. ಈಗ ಬಾಗ್ಲು ತೆಗೆದೇ ಉಣ್ಣಾಕೆ ಇಕ್ತೀನಿ, ಬರಾಕೇಳಿ. ಯಾವ ಕೈಲಿ ಉಣ್ತಾನೆ ಅಂತ ನೋಡೋರು ಎಲೆ ಬಿಟ್ಟು ಎದ್ದೋಗ್ಲಿ!”

ಪಂಚಾಯಿತಿ ಚೇರ್ಮನ್ ಗೋಪಾಲಪ್ಪನವರಿಗೂ ತಿಳಿಸಿದೆ. “ಗುಂಡಿಗೆ ಹೆದರದೋನು ನಮ್ಮ ಎಲೆ ಅಡಿಕೆಗೆ ಹೆದರ್ತಾನಾ?” ಎಂದು ನಗಲು ಹೋಗಿ ಕಣ್ಣೊರೆಸಿಕೊಂಡರು. ಸನ್ಮಾನಕ್ಕೆ ಏಪ್ರಿಲ್ ಹದಿನಾರರ ಭಾನುವಾರ ನಿಗದಿಯಾಗಿದೆ. ತಾಂಬೂಲ ಕೊಡುವವಳು ನಾನೇ ಎಂದು ಹೇಳಿ ಬಂದಿದ್ದೇನೆ. ನೀನು ಎಡಗೈಯನ್ನೇ ಚಾಚು. ಊರಿನವರೆಲ್ಲರ ಮುಂದೆ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುವ ಅವಕಾಶವನ್ನು ನನಗೆ ಕೊಡು.

ಬಾ, ಮಗು.

ನಿನ್ನ ದಾರಿ ಕಾಯುತ್ತಿರುವ,
ಕೆ. ಅಲಮೇಲಮ್ಮ
ನಿವೃತ್ತ ಉಪಾಧ್ಯಾಯಿನಿ

ಇನ್ನೊಂದು ವಿಷಯ: ಈ ಪತ್ರದ ಅಕ್ಷರ ಸೊಟ್ಟಗಿರುವುದಕ್ಕೆ ವಯಸ್ಸು ಕಾರಣವಲ್ಲ. ಹುಟ್ಟಿನಿಂದ ನಾನೂ ಎಡಚಿಯೇ. ಏಳನೆಯ ವಯಸ್ಸಿನಲ್ಲಿ ನಮ್ಮ ತಂದೆಯವರು ಎಡಗೈಯನ್ನು ಬೆನ್ನಿಗೆ ಕಟ್ಟಿ ಆ ಅಭ್ಯಾಸ ಬಿಡಿಸಿದರು. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಐವತ್ತೆರಡು ವರ್ಷಗಳ ಮೇಲೆ ಆ ಕೈಯಲ್ಲಿ ಬರೆದ ಮೊದಲ ಪತ್ರವಿದು; ನಾಲ್ಕು ದಿನ ಹಿಡಿಯಿತು.