ಅಂಜದ ಚಿಗರಿಗಳು

ಕೊಪಣದ ಬಯಲು
ವೀರನಿರ್ವಾಣ ಸಂವತ್ 2841, ಎರಡನೆಯ ಬೇಸಿಗೆಯ ಶ್ರುತಪಂಚಮಿ

ನಮಗಿಂತ ಮುನ್ನ ಬಾಳಿದ ಮಹನೀಯರಿಗೆ, ಕೊಪಣದ ಗ್ರಂಥಭಂಡಾರವನ್ನು ಕಾಯುವ ಮುದುಕ ಪಾರಿಸಯ್ಯನ ಜಯಜಿನೇಂದ್ರ.

ಮೇಲಿನ ತೇದಿ ನಿಮಗೆ ಅಸಂಭವವೆನಿಸಬಹುದು. ನಿಮ್ಮ ಎಣಿಕೆಯಲ್ಲಿ ಇದು ಕ್ರಿಸ್ತಶಕ 2315. ನಮ್ಮಲ್ಲಿ ಬೇಸಿಗೆಯು ವರ್ಷಕ್ಕೆ ಎರಡು ಬಾರಿ ಬರುವುದರಿಂದ ಯಾವ ಬೇಸಿಗೆಯೆಂದು ಹೇಳದೆ ತೇದಿ ಪೂರ್ಣವಾಗದು. ಮಾತುಗಳೂ ಸವೆದು ಬೇರೆ ರೂಪ ತಾಳಿವೆ. ನಾನು ಹಳೆಯ ಗ್ರಂಥಗಳ ಗದ್ಯದಲ್ಲಿಯೇ ಬೆಳೆದವನಾದುದರಿಂದ ನಿಮಗೆ ತಿಳಿಯುವಂತೆ ಬರೆಯಬಲ್ಲೆನೆಂದು ನಂಬಿದ್ದೇನೆ, ಎಡವಿದಲ್ಲಿ ಕ್ಷಮಿಸಬೇಕು. ಗ್ರಂಥಗಳನ್ನು ಪೂಜಿಸುವ ಶ್ರುತಪಂಚಮಿಯಂದು ಪ್ರತಿವರ್ಷ ನಮ್ಮಲ್ಲೊಬ್ಬರು ಗತಿಸಿದವರಿಗೆ ಓಲೆ ಬರೆದು ಬೆಟ್ಟದ ಗವಿಯಲ್ಲಿಡುವುದು ವಾಡಿಕೆ. ಅದಕ್ಕೆ ಹಿಂದೋಲೆಯೆಂದು ಹೆಸರು. ಅದು ತಲುಪುವುದೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ದಿನಚರ್ಯೆಯನ್ನು ಮೊದಲು ಹೇಳುವೆನು. ಬಿಸಿಲೇರಿದ ಮೇಲೆ ಹೊರಗೆ ನಿಲ್ಲಲಾಗದು. ಊರೆಲ್ಲ ನೆಲದೊಳಗಿನ ಮನೆಗಳಿಗೆ ಇಳಿಯುತ್ತದೆ. ರಾತ್ರಿ ಉಣ್ಣಬಾರದೆಂಬ ವ್ರತವನ್ನು ನಾವಿನ್ನೂ ಬಿಟ್ಟಿಲ್ಲ. ಆದುದರಿಂದ ಮೂಡಣ ಕೆಂಪಾದ ಕೂಡಲೆ ಒಮ್ಮೆ, ಹೊತ್ತು ಮುಳುಗುವ ಮುನ್ನ ಇನ್ನೊಮ್ಮೆ, ಅವಸರದಲ್ಲಿ ಊಟ ಮುಗಿಸುತ್ತೇವೆ. ಅಡುಗೆಯ ಬೊಮ್ಮಣ್ಣನು ಸಜ್ಜೆರೊಟ್ಟಿ ಬಡಿಯುವ ಸದ್ದೇ ನಮಗೆ ಬೆಳಗಿನ ಕರೆ. ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಸೂಕ್ಷ್ಮಜೀವಗಳನ್ನು ತಿರುಗಿ ತೊಟ್ಟಿಗೇ ಬಿಡುತ್ತೇವೆ. ಇರುಳಿಗೂ ಬಯಲು ತಣಿಯದು. ಹಗಲೆಲ್ಲ ಬಿಸಿ ಕುಡಿದ ಬಂಡೆಗಳು ಅದನ್ನು ಬೆಳಗಿನವರೆಗೂ ಉಗುಳುತ್ತವೆ. ಇದನ್ನು ಇರುಳುಬಿಸಿ ಎನ್ನುತ್ತೇವೆ. ಬೇಸಿಗೆಯ ಕೊನೆಗೆ ವಾಯವ್ಯದಿಂದ ಕೆಮ್ಮಣ್ಣು ಹೊತ್ತು ಬೀಸುವ ಉರಿಗಾಳಿಗೆ ಕೆಂಗಾಳಿಯೆಂದು ಹೆಸರು. ಅದಕ್ಕೆ ಸಿಕ್ಕಿದ ಜೀವ ಉಳಿಯುವುದು ವಿರಳ.

ಈ ಬಯಲಿನಲ್ಲಿ ಚಿಗರಿಗಳ ಹಿಂಡೊಂದಿದೆ. ನೀವು ಕೃಷ್ಣಮೃಗವೆಂದು ಬರೆದ ಆ ಜೀವಿಗಳಲ್ಲಿ ನಮಗೆ ತಿಳಿದಂತೆ ಉಳಿದಿರುವುದು ಇದೊಂದೇ ಹಿಂಡು. ಇದನ್ನು ಕಾಯುವುದು ನಮ್ಮ ಸಂಘದ ವ್ರತ. ಬೇಲಿ ಹಾಕೆವು, ಮುಟ್ಟೆವು, ಬೆದರಿಸೆವು, ಒಂದು ಹನಿ ನೆತ್ತರನ್ನೂ ತೆಗೆಯೆವು. ಅವುಗಳ ಒಳಗನ್ನು ತಿಳಿಯಲು ನಮಗಿರುವ ದಾರಿ ಹಿಕ್ಕೆಯೊಂದೇ. ಮೈಗೆ ಸಂಕಟ ಒದಗಿದಾಗ ಮೂತ್ರಪಿಂಡದ ನೆತ್ತಿಯ ಗ್ರಂಥಿಯಿಂದ ಹೊರಟು ನೆತ್ತರಲ್ಲಿ ಬೆರೆಯುವ ರಸವನ್ನು ನಿಮ್ಮ ಕಾಲದವರು ಕಾರ್ಟಿಸೋಲ್ ಎನ್ನುತ್ತಿದ್ದರು, ನಾವು ಕಳವಳರಸವೆನ್ನುತ್ತೇವೆ. ಅದರ ಶೇಷವು ಹಿಕ್ಕೆಯಲ್ಲಿ ಇಳಿಯುತ್ತದೆ. ಹಿಂಡು ಎದ್ದು ಹೋದ ಮೇಲೆ ಹಿಕ್ಕೆಯನ್ನಾಯ್ದು, ನೆರಳಲ್ಲಿ ಒಣಗಿಸಿ, ಅರೆದು, ಕಳವಳಮಾನಿಯೆಂಬ ಪುಟ್ಟ ಯಂತ್ರದಲ್ಲಿಟ್ಟು ಓದುವವಳು ಜಕ್ಕವ್ವೆ. ಸಂಘದ ಹಿರಿಯರಾದ ಧರಣೇಂದ್ರಯ್ಯನವರ ಮೊಮ್ಮಗಳು ಆಕೆ. ಬಸದಿಯ ಮುಂದೆ ಆಕೆ ಅಂದಿನ ಓದನ್ನು ಸಾರಿದ ಮೇಲೆಯೇ ಊರಿನ ಕೆಲಸ ಮೊದಲಾಗುವುದು. ರಸ ಏರಿದ ದಿನ ಸುತ್ತಿಗೆಯ ಸದ್ದಿಲ್ಲ, ಗಾಡಿಯ ಓಡಾಟವಿಲ್ಲ.

ಕೆಂಗಾಳಿಗೆ ಮುನ್ನ ರಸವು ತಾನಾಗಿ ಏರುತ್ತಿತ್ತು. ಗಾಳಿಯ ಒತ್ತಡ ಕುಸಿಯುವುದನ್ನು ನಮಗಿಂತ ಮೊದಲೇ ಅರಿತ ಹಿಂಡು ಹಳೆಯ ಕಲ್ಲುಗಣಿಯ ತಗ್ಗಿಗೆ ಓಡಿ ಜೀವ ಉಳಿಸಿಕೊಳ್ಳುತ್ತಿತ್ತು. ನಿಮ್ಮ ಕಾಲದವರು ಗುಡ್ಡವನ್ನು ಕಡಿದು ಬಿಟ್ಟುಹೋದ ಗುಂಡಿಯದು. ತಳದಲ್ಲಿ ನೀರಿದೆ, ನೆರಳಿದೆ, ಇರುಳು ತಣ್ಣಗಾಗುವ ತಾಣವೂ ಅದೊಂದೇ. ಇರುಳುಬಿಸಿ ತಾಳಲಾರದೆ ಊರವರೂ ಅಲ್ಲಿ ಮಲಗತೊಡಗಿದರು. ಜನರಿರುವಲ್ಲಿಗೆ ಚಿಗರಿಗಳು ಇಳಿಯಲಿಲ್ಲ, ಬಯಲಲ್ಲೇ ಉಳಿದವು.

ಮೊದಮೊದಲು ರಸ ಬಹಳ ಏರಿತು. ಊರು ಮೌನದಿಂದ ನಡೆದುಕೊಂಡಿತು. ಜಕ್ಕವ್ವೆಯು ಹಿಂಡಿಗೆ ನೆಮ್ಮದಿಯಾಗುವವರೆಗೆ ಉಪ್ಪನ್ನು ತ್ಯಜಿಸಿದಳು. ಆ ಮೇಲೆ ಬಿಸಿಲು ಏರುತ್ತಲೇ ಹೋಯಿತು, ರಸವು ಇಳಿಯುತ್ತ ಬಂದಿತು. ಚಿಗರಿಗಳು ಬಯಲಲ್ಲಿ ನಾವು ಹತ್ತಿರ ಹಾದರೂ ಏಳದೆ ಮಲಗಿ ಮೆಲುಕು ಹಾಕುತ್ತಿದ್ದವು. ಒಣಸಿಡಿಲು ಬಡಿದರೂ ಕದಲುತ್ತಿರಲಿಲ್ಲ. ಜಿನನ ಸಭೆಯಲ್ಲಿ ಹುಲಿಯೂ ಹುಲ್ಲೆಯೂ ಅಂಜಿಕೆ ತೊರೆದು ಕುಳಿತವೆಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ನಮ್ಮ ಅಹಿಂಸೆಯಿಂದ ಮೃಗಗಳಿಗೆ ಸಮಭಾವ ಲಭಿಸಿತೆಂದು ಧರಣೇಂದ್ರಯ್ಯನವರು ಸಾರಿದರು, ಸಂಘವು ಕೈಮುಗಿಯಿತು. ಜಕ್ಕವ್ವೆ ವ್ರತ ಮುಗಿಸಿ ಉಣಕೂತ ದಿನ ಬೊಮ್ಮಣ್ಣನು, “ಇಷ್ಟ್ ದಿನದ ಉಪ್ಪೆಲ್ಲಾ ಇವತ್ತಿನ ಸಾರಿನಾಗ ಹಾಕೇನಿ, ಉಣ್ಣವ್ವ,” ಎಂದು ಬಡಿಸಿದನು. ಆ ಸಾರನ್ನು ಯಾರಿಂದಲೂ ಉಣ್ಣಲಾಗಲಿಲ್ಲ.

ಒಂದು ಬೆಳಗ್ಗೆ ಹಿಕ್ಕೆಯನ್ನು ಆಯುತ್ತಿದ್ದಾಗ ಜಕ್ಕವ್ವೆಯು ಹುಲ್ಲಿನಲ್ಲಿ ಅಡಗಿದ್ದ ಎಳೆಮರಿಯೊಂದನ್ನು ಕಾಣದೆ ಅದರ ಪಕ್ಕದಲ್ಲೇ ಕಾಲಿಟ್ಟಳು. ತಾಯಿಚಿಗರಿ ಎದುರಿಗೇ ಇತ್ತು. ಅದು ನೆಲ ಒದೆಯಲಿಲ್ಲ, ಕಿವಿಯನ್ನೂ ಎತ್ತಲಿಲ್ಲ. ಆಕೆ ನೇರವಾಗಿ ಭಂಡಾರಕ್ಕೆ ಬಂದು, ಇಳಿದ ರಸದ ವಿಷಯವಾಗಿ ನಿಮ್ಮ ಕಾಲದವರು ಬರೆದುದನ್ನೆಲ್ಲ ತೆಗೆಸಿ ಓದಿದಳು. ಬಿಡುವಿಲ್ಲದ ಸಂಕಟದಲ್ಲಿ ಮೈಯ ಆ ವ್ಯವಸ್ಥೆಯೇ ದಣಿಯಬಹುದೆಂದೂ, ಆಗ ಅಪಾಯ ಬಂದರೂ ರಸ ಏಳದೆಂದೂ, ಬರಿಯ ಓದಿನಲ್ಲಿ ಆ ದಣಿವು ನೆಮ್ಮದಿಯಂತೆಯೇ ಕಾಣುವುದೆಂದೂ ಅಲ್ಲಿತ್ತು. ಎರಡನ್ನೂ ಬೇರ್ಪಡಿಸಲು ನಮಗೆ ಉಳಿದ ಉಪಾಯ ಒಂದೇ: ಒಮ್ಮೆ ಬೆಚ್ಚಿಸಿ ನೋಡುವುದು. ನಮ್ಮಲ್ಲಿ ಅದು ಹಿಂಸೆ.

ಆಕೆ ಅದಕ್ಕೆ ಅನುಮತಿ ಬೇಡಿದ್ದರಿಂದ ಬಸದಿಯ ಜಗಲಿಯಲ್ಲಿ ಸಂಘ ಸೇರಿತು. ಧರಣೇಂದ್ರಯ್ಯನವರು ಮೊಮ್ಮಗಳ ಕಡೆಗೆ ತಿರುಗಿ, “ಅಂಜಸಂಗಿಲ್ಲ ಅಂತ ಆಣಿ ಮಾಡಿದಾಕಿ ನೀನು. ಮೂಕಪ್ರಾಣಿ ಸಮಭಾವ ಕಂಡು ನಿನಗ್ಯಾಕವ್ವ ಹೊಟ್ಟಿಕಿಚ್ಚು?” ಎಂದರು.

ಆಕೆ ತಗ್ಗಿದ ದನಿಯಲ್ಲಿಯೇ ಉತ್ತರಿಸಿದಳು. “ಸಮಭಾವ ಆಗಿದ್ರ ಒಮ್ಮಿ ಬೆಚ್ಚಿ ಮತ್ತ ಕೂಡ್ತಾವ, ಅಜ್ಜಾ. ದಣಿವಾಗಿದ್ರ ಕೆಂಗಾಳಿಗೂ ಏಳೂದಿಲ್ಲ.”

ಸಂಘವು ಅನುಮತಿ ಕೊಡಲಿಲ್ಲ. ತೀರ್ಪು ಬಂದ ಕೆಲವೇ ದಿನಗಳಲ್ಲಿ ವಾಯವ್ಯದ ಅಂಚು ಕೆಂಪಾಯಿತು. ವಾಯುಮಾನಿಯ ಮುಳ್ಳು ಕುಸಿಯಿತು. ಹಿಂಡು ಬಯಲಲ್ಲಿ ಮಲಗಿಯೇ ಇತ್ತು. ಜಕ್ಕವ್ವೆಯು ಬಸದಿಯ ಜಾಗಟೆಯನ್ನು ಕಳಚಿಕೊಂಡು ಹೋಗಿ, ಹಿಂಡಿನ ನಡುವೆ ನಿಂತು, ಬಲವಿದ್ದಷ್ಟೂ ಬಾರಿಸಿದಳು. ಒಂದು ಕರಿಯ ಗಂಡುಚಿಗರಿ ಮಾತ್ರ ತಲೆ ತಿರುಗಿಸಿ ಆಕೆಯನ್ನು ನೋಡಿತು. ಮತ್ತೆ ಮೆಲುಕು ಹಾಕಿತು.

ಧರಣೇಂದ್ರಯ್ಯನವರು ಹೆಗಲ ವಸ್ತ್ರವನ್ನು ನೆಲಕ್ಕೆ ಹಾಸಿ, ಹತ್ತಿರದ ಮರಿಯನ್ನು ಅದರಲ್ಲಿಟ್ಟು, ಎದೆಗವಚಿಕೊಂಡು ಗಣಿಯ ಕಡೆಗೆ ನಡೆದರು. ಜೀವಮಾನದಲ್ಲಿ ಅವರು ಚಿಗರಿಯನ್ನು ಮುಟ್ಟಿದ್ದು ಅದೇ ಮೊದಲು. ಅವರನ್ನು ಕಂಡು ಊರೇ ನುಗ್ಗಿತು. ಹಾಸು, ಹೊದಿಕೆ, ಬಸದಿಯ ಪರದೆ, ಸಿಕ್ಕಿದ್ದರಲ್ಲೆಲ್ಲ ಇಬ್ಬಿಬ್ಬರು ಒಂದೊಂದನ್ನು ಹೊತ್ತರು. ಬೊಮ್ಮಣ್ಣನು ದೊಡ್ಡ ಗಂಡುಚಿಗರಿಯೊಂದರ ಭಾರಕ್ಕೆ ಬಾಗಿ, “ಇರಿವಿ ತುಳದೇನಂತ ಹುಟ್ಟಿದಾಗಿಂದ ನೆಲಾ ನೋಡಿ ನಡದೇನಿ, ಇವತ್ತ ಹಾದಿನಽ ಕಾಣವಲ್ದು,” ಎಂದುಕೊಳ್ಳುತ್ತ ಓಡಿದನು. ಗಾಳಿ ಬರುವುದರೊಳಗೆ ಅರ್ಧ ಹಿಂಡನ್ನು ಸಾಗಿಸಿದೆವು. ಉಳಿದವುಗಳ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತ, ಕಣ್ಣಿಗೆ ಮಣ್ಣು ತುಂಬುವವರೆಗೂ ಜಕ್ಕವ್ವೆ ಅಲ್ಲಿಯೇ ಇದ್ದಳು. ಆಕೆಯನ್ನು ಎಳೆದು ತರಬೇಕಾಯಿತು.

ಗಾಳಿ ಕಳೆದ ಮೇಲೆ ಆಕೆ ಅಜ್ಜನ ಮುಂದೆ ಮಂಡಿಯೂರಿ ಪ್ರಾಯಶ್ಚಿತ್ತ ಬೇಡಿದಳು. ಅವರು ಕೊಟ್ಟದ್ದನ್ನು ಯಾವ ಶಾಸ್ತ್ರದಲ್ಲಿಯೂ ನಾನು ಕಂಡಿಲ್ಲ.

“ವರ್ಷಕ್ಕೊಮ್ಮಿ ಜಾಗಟಿ ಬಾರಿಸು. ಅವು ಓಡೂತನಕಾ ಬಾರಿಸು.”

ಗಣಿಯ ತಗ್ಗನ್ನು ಹಿಂಡಿಗೇ ಬಿಟ್ಟುಕೊಟ್ಟು ನಾವು ಇರುಳುಬಿಸಿಗೆ ಮರಳಿದೆವು. ಮುದುಕರಿಗೆ ಇದು ಸುಲಭವಲ್ಲ. ಈ ಅಕ್ಷರಗಳು ಓರೆಯಾಗಿರುವುದಕ್ಕೆ ನಿದ್ದೆಗೇಡೂ ಕಾರಣ. ಮೊದಲ ವರ್ಷದ ಜಾಗಟೆಗೆ ಯಾವುದೂ ಏಳಲಿಲ್ಲ. ಮರುವರ್ಷ ಕೆಲವು ಕಿವಿಗಳು ನಿಮಿರಿದವು. ಇಂದು ಬೆಳಗ್ಗೆ, ಶ್ರುತಪೂಜೆಗೆ ಮುನ್ನ, ಜಕ್ಕವ್ವೆ ಗಣಿಯ ಬಾಯಿಗೆ ಹೋದಳು. ಧರಣೇಂದ್ರಯ್ಯನವರ ಕಣ್ಣು ಈಗ ಕಾಣುವುದಿಲ್ಲ. ಅವರನ್ನು ನಾನು ಕೈಹಿಡಿದು ಕರೆದೊಯ್ದೆನು. ಆಕೆ ಜಾಗಟೆ ಎತ್ತಿದಳಷ್ಟೆ. ಬಾರಿಸುವ ಮೊದಲೇ, ಆಕೆಯ ನೆರಳಿಗೇ ಬೆಚ್ಚಿ, ಹಿಂಡು ಒಂದೇ ನೆಗೆತಕ್ಕೆದ್ದು ಬಯಲಿಗೆ ಹಾರಿತು. ಧೂಳು ನಮ್ಮ ಮೇಲೆ ಬಿದ್ದಿತು.

“ಓಡಿದುವೇನವ್ವ?”

“ಓಡಿದುವಜ್ಜಾ. ನನ್ನ ಕಂಡು ಓಡಿದುವು.”

ನಾಳೆಯ ಓದಿನಲ್ಲಿ ರಸ ಏರಿರುವುದು. ತಗ್ಗಿನ ತಂಪಿನಲ್ಲಿ ನಾಡಿದ್ದಿಗೆ ಅದು ಇಳಿಯಬೇಕು. ರಸವು ಏರಬಲ್ಲುದಾಗಿ, ಅದು ಇಳಿಯಲು ಒಂದು ತಂಪಿನ ತಾಣವೂ ಇರುವುದು ಜೀವಕ್ಕೆ ಕ್ಷೇಮ. ಇಷ್ಟನ್ನು ಕಲಿಯಲು ನಾವು ಅರ್ಧ ಹಿಂಡನ್ನು ತೆರಬೇಕಾಯಿತು.

ನಿಮ್ಮಲ್ಲಿ ಇನ್ನೂ ತಂಪಾದ ಇರುಳುಗಳಿವೆ ಎಂದು ಓದಿದ್ದೇನೆ. ಅವುಗಳಲ್ಲಿ ಒಂದು ಪಾಲನ್ನು ಮೃಗಗಳಿಗೆ ಉಳಿಸಿರಿ. ಬಯಲಲ್ಲಿ ನಡೆಯುವಾಗ ಚಿಗರಿಯೊಂದು ನಿಮ್ಮನ್ನು ಕಂಡು ಓಡಿದರೆ ನೊಂದುಕೊಳ್ಳಬೇಡಿರಿ; ನಿಂತು, ಅದು ಮರೆಯಾಗುವವರೆಗೆ ಕೈಮುಗಿಯಿರಿ. ಇಲ್ಲಿ ಒಬ್ಬ ಕುರುಡ ಮುದುಕನು ಮುಖದ ಮೇಲಿನ ಧೂಳನ್ನು ಇನ್ನೂ ತೊಳೆಯಗೊಟ್ಟಿಲ್ಲ.